ಆತ್ಮಸಾಕ್ಷಿ ಹೋಟೆಲಿನಲ್ಲಿದೆ, ಮಂಗಳವಾರ ಬರುತ್ತದೆ

ಮತದಾರನ ಮೇಲೆ ಯಾರಿಗೂ ನಂಬಿಕೆ ಇಲ್ಲದ ಚುನಾವಣೆಯೊಂದು ನಮ್ಮ ದೇಶದಲ್ಲಿದೆ. ಅದರಲ್ಲಿ ಓಟು ಹಾಕುವವರು ನಾವಲ್ಲ. ನಮ್ಮ ಶಾಸಕರು.

ನಾವು ಓಟು ಹಾಕುವ ಹಿಂದಿನ ರಾತ್ರಿ ಮನೆಯಲ್ಲೇ ಮಲಗುತ್ತೇವೆ. ಬೆಳಗ್ಗೆ ಎದ್ದು ಶಾಲೆಯ ಮುಂದೆ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಬಟನ್ ಒತ್ತಿ ಬರುತ್ತೇವೆ. ಯಾರಿಗೆ ಹಾಕಿದೆ ಅಂತ ಕಟ್ಟಿಕೊಂಡ ಹೆಂಡತಿಗೂ ಹೇಳಬೇಕಾಗಿಲ್ಲ. ಶಾಸಕರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ರಾಜ್ಯಸಭಾ ಚುನಾವಣೆ ಬಂತೆಂದರೆ, ಸಾವಿರಾರು ಜನರ ನಂಬಿಕೆ ಗಳಿಸಿ ವಿಧಾನಸೌಧ ಮುಟ್ಟಿದ ಮನುಷ್ಯನನ್ನು ಅವನದೇ ಪಕ್ಷ ಒಂದು ರಾತ್ರಿಯ ಮಟ್ಟಿಗೆ ಅವನ ಮನೆಯಲ್ಲಿ ಮಲಗಲು ಬಿಡುವುದಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ, ಊಟ ಹಾಕಿಸಿ, ಓಟು ಹಾಕುವುದು ಹೇಗೆ ಅಂತ ಪಾಠ ಮಾಡಿ, ಬೆಳಗ್ಗೆ ಬಸ್ಸಿನಲ್ಲಿ ತಂದು ಇಳಿಸುತ್ತದೆ. 2024ರ ಫೆಬ್ರವರಿ 27, ಮಂಗಳವಾರ, ಬೆಂಗಳೂರಿನಲ್ಲಿ ಆಗಿದ್ದೂ ಇದೇ. ಅಧಿಕಾರದಲ್ಲಿದ್ದ ಕಾಂಗ್ರೆಸ್, 135 ಸೀಟು ಗೆದ್ದ ಪಕ್ಷ, ತನ್ನ ಶಾಸಕರನ್ನು ಹಿಂದಿನ ದಿನವೇ ಸ್ಟಾರ್ ಹೋಟೆಲಿನಲ್ಲಿ ಇಟ್ಟಿತ್ತು. ಯಾರಿಂದ ಕಾಪಾಡಲಿಕ್ಕೆ? ಅವರಿಂದಲೇ.

ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ, ರಾಜ್ಯಸಭೆಯ ಈ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ. ದುಗ್ಗಮ್ಮನ ಜಾತ್ರೆಗೆ ಇಡೀ ಊರಿಗೆ ಊಟ, ಬೀಗರು ನೆಂಟರೆಲ್ಲ ಬರುತ್ತಾರೆ. ಈ ಜಾತ್ರೆಗೆ ಊಟ 224 ಮಂದಿಗೆ ಮಾತ್ರ. ನಮಗೆ ಟಿವಿ.

ಈ ಫಲಿತಾಂಶದ ಲೆಕ್ಕ ನನಗೆ ಅರ್ಥವಾಗಿದ್ದು ಟಿವಿಯಿಂದಲ್ಲ. ಹಳೇ ಊರಿನ ಮಂಡಕ್ಕಿ ಅಂಗಡಿಯಲ್ಲಿ, ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿ ತಲೆ ಬೆಳ್ಳಗೆ ಮಾಡಿಕೊಂಡ ಹಿರಿಯರೊಬ್ಬರಿಂದ. ಅಂಗಡಿಯವನಿಗೆ ಅವರು ಮಾಮಾ. ನಾನು ಅವರಿಗೆ ತಮ್ಮ. ಮಿರ್ಚಿ ಕಟ್ಟಿಕೊಡುವ ಹಳೇ ಪೇಪರಿನ ಅಂಚು ಹರಿದು, ಜೇಬಿನ ಪೆನ್ನು ತೆಗೆದು ಶುರು ಮಾಡಿದರು.

“ನೋಡು ತಮ್ಮಾ, ಶಾಸಕರು 224. ಸೀಟು ನಾಕು. ನಾಕಕ್ಕೆ ಒಂದು ಸೇರಿಸು, ಐದಾತು. 224ನ್ನ ಐದರಿಂದ ಭಾಗಿಸು. ಬಂದಿದ್ದಕ್ಕೆ ಮತ್ತೆ ಒಂದು ಸೇರಿಸು. 45 ಅಂತ ಇಟ್ಕೋ. ಒಬ್ಬ ಗೆಲ್ಲಾಕೆ 45 ಓಟು.”

“ಒಂದು ಯಾಕೆ ಸೇರಿಸೋದು ಮಾಮಾ?” ಅಂದ ಅಂಗಡಿಯವನು, ಎಣ್ಣೆಯಿಂದ ಮಿರ್ಚಿ ತೆಗೆಯುತ್ತಾ.

“ಸೇರಿಸಬೇಕು ಅಂತ ಐತಿ. ಸುಮ್ನೆ ಸೇರಿಸು.”

ಬಿಜೆಪಿ 66, ಜೆಡಿಎಸ್ 19. ಎರಡೂ ಸೇರಿದರೆ 85. ಒಬ್ಬರನ್ನು ಗೆಲ್ಲಿಸಲು 45 ಸಾಕು. ಬಿಜೆಪಿ ನಾರಾಯಣಸಾ ಭಾಂಡಗೆ ಅವರನ್ನು ನಿಲ್ಲಿಸಿತು. ಅಲ್ಲಿಗೆ ಸುಮ್ಮನಾಗಿದ್ದರೆ ನಾಲ್ಕು ಸೀಟಿಗೆ ನಾಲ್ಕೇ ಮಂದಿ, ಅವಿರೋಧ, ಹೋಟೆಲಿನ ಖರ್ಚೂ ಉಳಿಯುತ್ತಿತ್ತು. ಆದರೆ ಮೈತ್ರಿ ಹೊಸದು. 2023ರ ಸೆಪ್ಟೆಂಬರ್‌ನಲ್ಲಿ ತಾನೇ ಜೆಡಿಎಸ್ ಎನ್‌ಡಿಎ ಸೇರಿತ್ತು. ಹೊಸ ಬೀಗರಿಗೆ ಏನಾದರೂ ಕೊಡಬೇಕಲ್ಲ ಅಂತ ಐದನೆಯವರಾಗಿ ಜೆಡಿಎಸ್‌ನ ಕುಪೇಂದ್ರ ರೆಡ್ಡಿ ಕಣಕ್ಕಿಳಿದರು. ಇಬ್ಬರೂ ಗೆಲ್ಲಲು 90 ಬೇಕು. ಇರುವುದು 85. ಉಳಿದ ಐದು ಎಲ್ಲಿಂದ? ಅಲ್ಲೇ ಬಂತು ನೋಡಿ, ಆತ್ಮಸಾಕ್ಷಿ. ಎದುರು ಪಾಳಯದಲ್ಲಿ ಯಾರೋ ಐದು ಮಂದಿಯ ಆತ್ಮಸಾಕ್ಷಿ ಸರಿಯಾಗಿ ಆ ಮಂಗಳವಾರವೇ, ಅದೂ ಸಂಜೆ ನಾಲ್ಕರೊಳಗೆ ಎಚ್ಚರಗೊಳ್ಳುತ್ತದೆ ಎಂಬುದು ಲೆಕ್ಕ.

ಎಚ್ಚರವೇನೋ ಆಯಿತು. ಆದರೆ ಈ ಕಡೆಯದ್ದು! ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಅವರ ಓಟು ಕಾಂಗ್ರೆಸ್ಸಿಗೆ ಹೋಯಿತು. ಯಲ್ಲಾಪುರದ ಶಿವರಾಮ ಹೆಬ್ಬಾರ್ ಆ ಕಡೆ ಸುಳಿಯಲೇ ಇಲ್ಲ. 85ರಲ್ಲಿ ಎರಡು ಹೋಗಿ 83. ಭಾಂಡಗೆ ಅವರಿಗೆ 47 ಬಿದ್ದವು. ಉಳಿದ 36 ರೆಡ್ಡಿ ಅವರಿಗೆ.

ಆ ಕಡೆ ಕಾಂಗ್ರೆಸ್ಸಿನ ಸುರಪುರದ ಶಾಸಕರು ಎರಡು ದಿನ ಮೊದಲು ತೀರಿಕೊಂಡಿದ್ದರು. ಅಲ್ಲಿಗೆ 134. ಜೊತೆಗೆ ಇಬ್ಬರು ಪಕ್ಷೇತರರು, ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ, ತಮ್ಮದೇ ಪಕ್ಷ ಕಟ್ಟಿ ಅದರ ಒಬ್ಬರೇ ಶಾಸಕರಾಗಿದ್ದ ಜನಾರ್ದನ ರೆಡ್ಡಿ, ಮೇಲೆ ಸೋಮಶೇಖರ್. ಒಟ್ಟು 139. ಕಾಂಗ್ರೆಸ್ಸಿನ ಮೂವರಲ್ಲಿ ಅಜಯ್ ಮಾಕನ್ 47, ಸೈಯದ್ ನಾಸಿರ್ ಹುಸೇನ್ 47, ಜಿ.ಸಿ. ಚಂದ್ರಶೇಖರ್ 45. ಒಂದು ಓಟೂ ಆಚೀಚೆ ಇಲ್ಲ. ಸರ್ಕಾರದ ಯಾವ ಕಾಮಗಾರಿಯಲ್ಲೂ ಇಷ್ಟು ಪಕ್ಕಾ ಅಳತೆ ನಾನು ಕಂಡಿಲ್ಲ.

ಗುಮಾಸ್ತರು ಪೇಪರನ್ನು ದೂರ ಹಿಡಿದು ನೋಡಿದರು. “ಐದು ಬರ್ತಾವು ಅಂತ ಖರ್ಚು ಮಾಡಿ, ಎರಡು ಕಳಕೊಂಡು ಬಂದಾರೆ. ಮಿಲ್ಲಿನ ಖಾತೇಲಿ ನಾನು ಹಿಂಗ್ ಬರೆದಿದ್ರೆ ಮಾಲೀಕರು ಅವತ್ತೇ ಮನಿಗೆ ಕಳಿಸ್ತಿದ್ರು.”

ಇದರಲ್ಲಿ ಅವರಿಗೆ ತುಂಬಾ ಇಷ್ಟವಾಗಿದ್ದು ಆ ಇಬ್ಬರು ಶಾಸಕರ ಕತೆ. ಸೋಮಶೇಖರ್, ಹೆಬ್ಬಾರ್ ಇಬ್ಬರೂ ಮೂಲದಲ್ಲಿ ಕಾಂಗ್ರೆಸ್ಸಿನವರೇ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ 99ಕ್ಕೆ 105ರಲ್ಲಿ ಉರುಳಿತಲ್ಲ, ಆಗ ರಾಜೀನಾಮೆ ಕೊಟ್ಟು ಹೋದವರ ಗುಂಪಿನಲ್ಲಿದ್ದವರು. ಆವಾಗಲೂ ಆತ್ಮಸಾಕ್ಷಿಯೇ. ಮುಂಬೈ ಹೋಟೆಲಿನಲ್ಲಿತ್ತು. ಆಗ ಆ ಆತ್ಮಸಾಕ್ಷಿಯನ್ನು ಹಾರ ಹಾಕಿ ಬರಮಾಡಿಕೊಂಡು ಮಂತ್ರಿಗಿರಿ ಕೊಟ್ಟ ಪಕ್ಷವೇ, ಅದು ಬಂದ ದಾರಿಯಲ್ಲೇ ತಿರುಗಿ ನೋಡಿದಾಗ ದ್ರೋಹ ಅಂದಿತು. ಉಚ್ಚಾಟನೆ ಮಾಡಿತು ಬಿಡಿ. ಯಾವಾಗ? 2025ರ ಮೇ ತಿಂಗಳಲ್ಲಿ. ಹದಿನೈದು ತಿಂಗಳು ಯೋಚನೆ ಮಾಡಿ. ಉಚ್ಚಾಟನೆಯಾದರೆ ಶಾಸಕ ಸ್ಥಾನ ಹೋಗುತ್ತದಾ? ಇಲ್ಲ. ರಾಜೀನಾಮೆ ಕೊಟ್ಟರೆ ಹೋಗುತ್ತದೆ, ಸದನದಲ್ಲಿ ಪಕ್ಷದ ಆದೇಶ, ಅಂದರೆ ವಿಪ್ ಮೀರಿದರೆ ಹೋಗುತ್ತದೆ, ಪಕ್ಷವೇ ಹೊರಗೆ ಹಾಕಿದರೆ ಉಳಿಯುತ್ತದೆ. ಅಂದರೆ ಶಿಕ್ಷೆ ಏನಪ್ಪಾ ಅಂದರೆ, ಇನ್ನು ಮೇಲೆ ನೀನು ಪಕ್ಷದ ಸಭೆಗೆ ಬರಬೇಕಾಗಿಲ್ಲ. ಇಂಥ ಶಿಕ್ಷೆ ನನಗೂ ಯಾರಾದರೂ ಕೊಡಲಿ ಅಂತ ಕಾಯುತ್ತಿರುವ ಕಾರ್ಯಕರ್ತರು ಈ ಊರಲ್ಲಿ ಬೇಕಾದಷ್ಟಿದ್ದಾರೆ.

ಕಾನೂನು ಇನ್ನೂ ಚೆನ್ನಾಗಿದೆ. ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡ ಮತದಾನ ಮಾಡಿದರೆ, ಅಂದರೆ ಎದುರು ಪಕ್ಷಕ್ಕೆ ಓಟು ಹಾಕಿದರೆ, ಪಕ್ಷಾಂತರ ನಿಷೇಧ ಕಾಯ್ದೆ ತಾಗುವುದಿಲ್ಲ. ಆದರೆ 2003ರಿಂದ ಗುಪ್ತ ಮತದಾನ ರದ್ದು. ದುಡ್ಡಿನ ಆಟ ನಿಲ್ಲಲಿ ಅಂತ ಮಾಡಿದ ತಿದ್ದುಪಡಿ. ಶಾಸಕ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರಿನ ಮುಂದೆ 1 ಅಂತ ಬರೆದು, ತನ್ನ ಪಕ್ಷದ ಏಜೆಂಟಿಗೆ ತೋರಿಸಿ, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಏಜೆಂಟಿಗೆ ತೋರಿಸದಿದ್ದರೆ ಓಟು ಅಸಿಂಧು. ಬೇರೆಯವರಿಗೆ ತೋರಿಸಿದರೂ ಅಸಿಂಧು. ಪೆನ್ನು ಬೇರೆಯಾದರೂ ಅಸಿಂಧು. ಬೇರೆ ಪಕ್ಷಕ್ಕೆ ಹಾಕಿದರೆ? ಸಿಂಧು! ಕೈಕೊಡುವುದಾದರೆ ಕೊಡು, ಆದರೆ ನಮ್ಮ ಕಣ್ಣೆದುರಿಗೇ, ನೇರಳೆ ಪೆನ್ನಿನಲ್ಲೇ ಕೊಡು ಅನ್ನುತ್ತದೆ ಕಾನೂನು. ಪಾಪ ಏಜೆಂಟು. ತನ್ನ ಪಕ್ಷದ ಶಾಸಕ ಎದುರಿನವರಿಗೆ ಬರೆದ 1 ಅನ್ನು ಕಣ್ಣಾರೆ ನೋಡಿ, ಮುಗುಳ್ನಕ್ಕು, “ಹಾಕಿ ಸಾರ್” ಅನ್ನಬೇಕು. ಇನ್ನೇನು ಮಾಡಲಿಕ್ಕಾಗುತ್ತದೆ?

ಗುಪ್ತ ಮತದಾನ ಉಳಿದಿರುವುದು ಪಕ್ಷೇತರರಿಗೆ ಮಾತ್ರ. ಅವರು ಯಾರಿಗೂ ತೋರಿಸುವಂತಿಲ್ಲ. ನಮ್ಮ ಪಕ್ಕದ ಹರಪನಹಳ್ಳಿಯ ಶಾಸಕಿ ಪಕ್ಷೇತರರು. (ಹರಪನಹಳ್ಳಿ 2018ರವರೆಗೆ ದಾವಣಗೆರೆ ಜಿಲ್ಲೆ, ಆಮೇಲೆ ಬಳ್ಳಾರಿ, ಈಗ ವಿಜಯನಗರ. ಶಾಸಕರು ಪಕ್ಷ ಬದಲಿಸುವುದು ಹಾಗಿರಲಿ, ನಮ್ಮ ಕಡೆ ತಾಲ್ಲೂಕುಗಳೇ ಜಿಲ್ಲೆ ಬದಲಿಸುತ್ತವೆ.) ನಮ್ಮ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ 2023ರಲ್ಲಿ ಆರು ಕಾಂಗ್ರೆಸ್, ಹರಿಹರ ಒಂದು ಬಿಜೆಪಿ. ಪಕ್ಷೇತರರು ಒಬ್ಬರೂ ಇಲ್ಲ. ಆದ್ದರಿಂದ ನಮ್ಮ ಜಿಲ್ಲೆಯ ಮಟ್ಟಿಗೆ ಮೇಲ್ಮನೆ ಚುನಾವಣೆಯಲ್ಲಿ ಗುಟ್ಟು ಅನ್ನುವುದೇ ಇಲ್ಲ.

ಪೆನ್ನಿನ ಮಾತು ತಮಾಷೆಗೆ ಹೇಳಿದ್ದಲ್ಲ. 2016ರಲ್ಲಿ ಹರಿಯಾಣದಲ್ಲಿ ಒಂದು ಡಜನ್‌ನಷ್ಟು ಓಟು ಬೇರೆ ಪೆನ್ನಿನಲ್ಲಿ ಬರೆದದ್ದಕ್ಕೆ ತಿರಸ್ಕಾರವಾದವು. ಗೆಲ್ಲಬೇಕಾಗಿದ್ದ ಆರ್.ಕೆ. ಆನಂದ್ ಸೋತರು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಅಲ್ಲಿ ಇಡಲು ಧೈರ್ಯ ಸಾಲದೆ ನಮ್ಮ ಬಿಡದಿ ರೆಸಾರ್ಟಿಗೆ ತಂದು ಇಟ್ಟಿದ್ದರು. ಅಲ್ಲಿ ಪ್ರವಾಹ, ಇಲ್ಲಿ ಶಾಸಕರು. ಕೊನೆಗೆ ಇಬ್ಬರು ತಮ್ಮ ಮತಪತ್ರವನ್ನು ತೋರಿಸಬಾರದವರಿಗೆ ತೋರಿಸಿದರು ಅಂತ ಆ ಎರಡು ಓಟು ಬಿದ್ದುಹೋಗಿ, ಅಹ್ಮದ್ ಪಟೇಲ್ 44 ಓಟಿನಲ್ಲಿ ನಡುರಾತ್ರಿ ದಾಟಿದ ಮೇಲೆ ಗೆದ್ದರು. ಅಜಯ್ ಮಾಕನ್ ಅವರದ್ದು ಇನ್ನೊಂದು. 2022ರಲ್ಲಿ ಹರಿಯಾಣದಿಂದ ನಿಂತರು. ಸ್ವಪಕ್ಷದ ಒಬ್ಬರು ಅಡ್ಡ ಹಾಕಿದರು, ಇನ್ನೊಂದು ಓಟು ಅಸಿಂಧುವಾಯಿತು, ಸೋತರು. ಎರಡು ವರ್ಷಕ್ಕೆ ಕರ್ನಾಟಕದಿಂದ ಗೆದ್ದರು. ದಿಲ್ಲಿಯವರು, ಹರಿಯಾಣದಲ್ಲಿ ಸೋತು, ನಮ್ಮ ಪ್ರತಿನಿಧಿಯಾದರು. ನಮ್ಮ ಹುಡುಗರು ಕೆಲಸಕ್ಕೆ ಬೆಂಗಳೂರಿಗೆ ಹೋದರೆ ಬಾಡಿಗೆ ಮನೆ ಸಿಗುವುದೇ ಕಷ್ಟ. ದಿಲ್ಲಿಯವರಿಗೆ ನಮ್ಮ ರಾಜ್ಯದ ಸೀಟೇ ಸಿಗುತ್ತದೆ.

“ಆ ರಾಜ್ಯದ ಓಟರ್ ಲಿಸ್ಟಲ್ಲಿ ಹೆಸರಿರಬೇಕು ಅಂತ ಮೊದಲು ಇತ್ತು,” ಅಂದರು ಗುಮಾಸ್ತರು. “ಅದನ್ನೂ 2003ರಲ್ಲೇ ತೆಗೆದ್ರು.”

ಅಂಗಡಿಯವನು ಈಗ ಕೈ ಒರೆಸಿಕೊಂಡು ಈಚೆ ಬಂದ. “ಮಾಮಾ, ಮತ್ತೆ ನಮ್ಮ ರಾಜ್ಯಸಭಾ ಮೆಂಬರ್ರು ಯಾರ್ಯಾರು?”

“ಹನ್ನೆರಡು ಮಂದಿ.”

“ಯಾರು ಅಂದೆ.”

ಗುಮಾಸ್ತರು ಯೋಚಿಸಿದರು. ನಾನೂ ಯೋಚಿಸಿದೆ. “ಜಗ್ಗೇಶು,” ಅಂತ ಬೆಂಚಿನ ಆ ಕೊನೆಯಿಂದ ಕಾಲೇಜು ಹುಡುಗನೊಬ್ಬ ಅಂದ. ಸರಿ, ಜಗ್ಗೇಶ್. ಉಳಿದ ಹನ್ನೊಂದು? ನಿರ್ಮಲಾ ಸೀತಾರಾಮನ್ ಅವರನ್ನು ಬಜೆಟ್ ದಿನ ನೋಡಿದ್ದೇವೆ, ಅವರು ನಮ್ಮವರು ಅನ್ನುವುದು ಮಾತ್ರ ಪ್ರತಿ ವರ್ಷ ಯಾರಾದರೂ ನೆನಪಿಸಬೇಕು. ದೇವೇಗೌಡರು, ಖರ್ಗೆ ಅವರು 2020ರಲ್ಲಿ ರಾಜ್ಯಸಭೆಗೆ ಹೋದರು. ಅವರದ್ದು ಅವಿರೋಧ, ಆದ್ದರಿಂದ ಆ ಸಲ ಯಾರ ಆತ್ಮಸಾಕ್ಷಿಗೂ ಕೆಲಸವಿರಲಿಲ್ಲ. ಒಂದು ವರ್ಷ ಹಿಂದೆ, 2019ರಲ್ಲಿ, ಮೈತ್ರಿಯ ಇದೇ ಇಬ್ಬರು ದೊಡ್ಡವರನ್ನು ತುಮಕೂರಿನ ಜನ, ಕಲಬುರಗಿಯ ಜನ ಲೋಕಸಭೆಗೆ ಬೇಡ ಅಂದಿದ್ದರು. ಜನ ಮುಂಬಾಗಿಲಲ್ಲಿ ಬೇಡ ಅಂದವರಿಗೆ ಮಹಡಿ ಮೆಟ್ಟಿಲು ಹತ್ತಲು ಅವಕಾಶ ಇರಲಿ ಅಂತಲೇ ಸಂವಿಧಾನ ಬರೆದವರು ಮೇಲ್ಮನೆ ಮಾಡಿದ್ದಾರೇನೋ ಅಂತ ಕೆಲವೊಮ್ಮೆ ಅನುಮಾನ ಬರುತ್ತದೆ. ವಿಜಯ್ ಮಲ್ಯ ಅವರನ್ನು ನಮ್ಮ ಶಾಸಕರು ಒಮ್ಮೆ ಅಲ್ಲ, 2002ರಲ್ಲೂ 2010ರಲ್ಲೂ ಆರಿಸಿ ಕಳಿಸಿದರು. ಎರಡು ಸಲವೂ ಪಕ್ಷೇತರರು, ಎರಡು ಸಲವೂ ಬೆಂಬಲಿಸಿದವರು ದೊಡ್ಡ ಪಕ್ಷಗಳವರು. 2016ರಲ್ಲಿ ಅವರು ದೇಶ ಬಿಟ್ಟಾಗಲೂ ನಮ್ಮ ಪ್ರತಿನಿಧಿಯೇ. ಲಂಡನ್ನಿನಲ್ಲೂ ಕರ್ನಾಟಕಕ್ಕೊಬ್ಬ ಸಂಸದ ಇದ್ದ ಕಾಲ ಅದು.

ಜೆಡಿಎಸ್‌ಗೆ ಈ ಚುನಾವಣೆಯೆಂದರೆ ಏನೋ ಹಳೇ ಹರಕೆ ಇದ್ದಂತಿದೆ. 2016ರಲ್ಲಿ ಎಂಟು ಶಾಸಕರು ಅಡ್ಡ ಹಾಕಿ ಪಕ್ಷದ ಅಭ್ಯರ್ಥಿ ಫಾರೂಕ್ ಅವರನ್ನು ಸೋಲಿಸಿದರು. ಆ ಓಟಿನಿಂದ ಗೆದ್ದವರು ಕಾಂಗ್ರೆಸ್ಸಿನ ಕೆ.ಸಿ. ರಾಮಮೂರ್ತಿ. ಅವರು 2019ರಲ್ಲಿ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಯಾವ ಸೀಟನ್ನು ಖಾಲಿ ಮಾಡಿದ್ದರೋ ಅದೇ ಸೀಟಿಗೆ ಅವಿರೋಧವಾಗಿ ಮತ್ತೆ ಆಯ್ಕೆಯಾದರು. ತಾವು ಎದ್ದ ಕುರ್ಚಿಗೆ ತಾವೇ ಟವೆಲ್ ಹಾಕಿದರು. ಪಕ್ಕ ಮಾತ್ರ ಬದಲಾಯಿತು.

2022ರಲ್ಲಿ ಇನ್ನೂ ಮಜಾ. ಜೆಡಿಎಸ್ 32. ಕಾಂಗ್ರೆಸ್ ಒಬ್ಬರನ್ನು ಗೆಲ್ಲಿಸಿದ ಮೇಲೆ ಕೈಯಲ್ಲಿ ಉಳಿಯುವುದು 25ರ ಆಸುಪಾಸು. ಎರಡೂ ಕೂಡಿದರೆ 45 ಆರಾಮಾಗಿ ದಾಟುತ್ತದೆ. ಬಿಜೆಪಿಯನ್ನು ತಡೆಯಬೇಕು ಅಂತ ಎರಡೂ ಪಕ್ಷ ಬೆಳಗ್ಗೆ ಸಂಜೆ ಹೇಳುತ್ತಿದ್ದವು. ಆದರೆ ನೀವು ನಮಗೆ ಕೊಡಿ ಅಂತ ಇವರು, ನೀವೇ ನಮಗೆ ಕೊಡಿ ಅಂತ ಅವರು, ನಾಮಪತ್ರ ವಾಪಸು ಪಡೆಯುವ ದಿನ ಕಳೆದು, ಇಬ್ಬರೂ ಅಭ್ಯರ್ಥಿ ನಿಲ್ಲಿಸಿಕೊಂಡು, ಮತದಾನದ ಬೆಳಗ್ಗೆಯವರೆಗೂ ಒಬ್ಬರಿಗೊಬ್ಬರು ಜಾತ್ಯತೀತತೆಯ ಪಾಠ ಹೇಳಿಕೊಂಡು ಇಬ್ಬರೂ ಸೋತರು. ನಾಲ್ಕನೇ ಸೀಟು ಲಹರ್ ಸಿಂಗ್ ಅವರ ಪಾಲಾಗಿ ಬಿಜೆಪಿಗೆ ಹೋಯಿತು. ಅವತ್ತು ಅಡ್ಡ ಹಾಕಿದ ಕೋಲಾರದ ಜೆಡಿಎಸ್ ಶಾಸಕ ಶ್ರೀನಿವಾಸ ಗೌಡರನ್ನು ಯಾಕೆ ಅಂತ ಕೇಳಿದರೆ, ಕಾಂಗ್ರೆಸ್ ಅಂದರೆ ಪ್ರೀತಿ ಅಂದರು. ಇಡೀ ಮೇಲ್ಮನೆ ಚುನಾವಣೆಯ ಇತಿಹಾಸದಲ್ಲಿ ನಾನು ನಂಬಿದ ಮಾತು ಅದೊಂದೇ. ಆತ್ಮಸಾಕ್ಷಿ ಗೀತ್ಮಸಾಕ್ಷಿ ಏನಿಲ್ಲ. ಪ್ರೀತಿ.

ಆ ಸಲ ಸೋತ ಜೆಡಿಎಸ್ ಅಭ್ಯರ್ಥಿ ಯಾರು ಗೊತ್ತಾ? ಕುಪೇಂದ್ರ ರೆಡ್ಡಿ ಅವರೇ. 2022ರಲ್ಲಿ ಬಿಜೆಪಿ ಎದುರು ಸೋತರು. 2024ರಲ್ಲಿ ಬಿಜೆಪಿ ಜೊತೆಗಿದ್ದು ಸೋತರು. ಅಭ್ಯರ್ಥಿ ಅವರೇ, ಸೋಲೂ ಅದೇ, ದೋಸ್ತಿ ಮಾತ್ರ ಹೊಸದು. ಪಕ್ಷಕ್ಕೇನೂ ನಷ್ಟ ಆಗಲಿಲ್ಲ ಬಿಡಿ. ನಾಲ್ಕು ತಿಂಗಳೊಳಗೇ ಲೋಕಸಭೆಯಲ್ಲಿ ಎರಡು ಸೀಟು ಗೆದ್ದು ಕುಮಾರಸ್ವಾಮಿ ಅವರು ಕೇಂದ್ರದಲ್ಲಿ ಮಂತ್ರಿಯಾದರು. ಮೈತ್ರಿಯಲ್ಲಿ ಸೋಲು ಅಭ್ಯರ್ಥಿಯದು, ಗೆಲುವು ನಾಯಕರದು.

ಅಕ್ಕಿ ಮಿಲ್ಲಿನವರಾದ್ದರಿಂದ ನಮ್ಮ ಗುಮಾಸ್ತರು ಜಪಾನಿನ ಸುದ್ದಿಯನ್ನೂ ಬಿಡುವುದಿಲ್ಲ. ಅಲ್ಲಿಯೂ ಮೇಲ್ಮನೆ ಇದೆ, ಅಲ್ಲಿಯೂ ಮೈತ್ರಿ ಇದೆ. ಆದರೆ ಅಲ್ಲಿ ಮೇಲ್ಮನೆಗೆ ಓಟು ಹಾಕುವುದು ಜನ. 2025ರ ಜುಲೈ 20ರಂದು ಅರ್ಧ ಸೀಟುಗಳಿಗೆ ಚುನಾವಣೆ ನಡೆಯಿತು. ಬಹುಮತ ಉಳಿಸಿಕೊಳ್ಳಲು ಆಳುವ ಮೈತ್ರಿಗೆ 50 ಬೇಕಿತ್ತು, ಬಂದದ್ದು 47. ಕಾರಣಗಳು ಹತ್ತಾರು, ಅದರಲ್ಲಿ ಒಂದು ಅಕ್ಕಿ. ಒಂದೇ ವರ್ಷದಲ್ಲಿ ಅಕ್ಕಿ ರೇಟು ಹತ್ತಿರಹತ್ತಿರ ಎರಡರಷ್ಟಾಗಿತ್ತು. ಅಂಥ ಹೊತ್ತಿನಲ್ಲಿ ಅಲ್ಲಿನ ಕೃಷಿ ಮಂತ್ರಿ, ನಾನು ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರು ಕೊಡುತ್ತಾರೆ ಅಂದುಬಿಟ್ಟಿದ್ದರು. ಮೇ ತಿಂಗಳಲ್ಲೇ ಕುರ್ಚಿ ಹೋಯಿತು. ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಇಶಿಬಾ ರಾಜೀನಾಮೆ ಘೋಷಿಸಿದರು, ಅಕ್ಟೋಬರ್‌ನಲ್ಲಿ 26 ವರ್ಷದ ಜೊತೆಗಾರ ಪಕ್ಷ ಮೈತ್ರಿ ಬಿಟ್ಟು ಹೊರನಡೆಯಿತು.

“26 ವರ್ಷ!” ಅಂದರು ಗುಮಾಸ್ತರು. ಅಕ್ಕಿಗಿಂತ ಅದೇ ಅವರಿಗೆ ಹೆಚ್ಚು ಆಶ್ಚರ್ಯ. “ನಮ್ಮ ಜೆಡಿಎಸ್ 2006ರಾಗೆ ಬಿಜೆಪಿ ಜೋಡಿ, 2018ರಾಗೆ ಕಾಂಗ್ರೆಸ್ ಜೋಡಿ, 2023ರಾಗೆ ತಿರುಗಿ ಬಿಜೆಪಿ ಜೋಡಿ. ಅವರು ಒಂದೇ ಸಂಸಾರ 26 ವರ್ಷ ಮಾಡ್ಯಾರಲ್ಲೋ!”

ಇಲ್ಲಿ ಭದ್ರಾ ನಾಲೆಗೆ ನೀರು ತಡವಾದರೆ, ಭತ್ತದ ರೇಟು ಬಿದ್ದರೆ, ರಾಜ್ಯಸಭೆಯಲ್ಲಿ ಒಂದು ಎಲೆಯೂ ಅಲುಗಾಡುವುದಿಲ್ಲ. ಅಲುಗಾಡಲಿಕ್ಕೆ ನಾವು ಅವರ ಮತದಾರರಲ್ಲವಲ್ಲ. ಅವರ ಮತದಾರರು ಹೋಟೆಲಿನಲ್ಲಿದ್ದಾರೆ, ಅಲ್ಲಿ ಅನ್ನಕ್ಕೆ ರೇಟು ಕೇಳುವವರಿಲ್ಲ.

ಅದೇ 2024ರ ಫೆಬ್ರವರಿ 27ರಂದು ಹಿಮಾಚಲದಲ್ಲಿ ನಡೆದದ್ದನ್ನು ಗುಮಾಸ್ತರು ಕೊನೆಗೆ ಇಟ್ಟುಕೊಂಡಿದ್ದರು. 68 ಶಾಸಕರ ಸದನ, ಕಾಂಗ್ರೆಸ್ಸಿಗೇ 40. ಒಂದೇ ಸೀಟು. ಕಣ್ಣು ಮುಚ್ಚಿ ಗೆಲ್ಲಬೇಕು. ಕಾಂಗ್ರೆಸ್ಸಿನ ಆರು ಮಂದಿ, ಮೂವರು ಪಕ್ಷೇತರರು ಆ ಕಡೆ ಹಾಕಿದರು. ಕಾಂಗ್ರೆಸ್ಸಿನ ಅಭಿಷೇಕ್ ಸಿಂಘ್ವಿ 34, ಬಿಜೆಪಿಯ ಹರ್ಷ್ ಮಹಾಜನ್ 34. ಸಮ. ಚೀಟಿ ಎತ್ತಿದರು. ಸಿಂಘ್ವಿ ಹೆಸರು ಬಂತು.

“ಗೆದ್ದ ಅನ್ನು,” ಅಂದ ಅಂಗಡಿಯವನು.

“ಸೋತ.”

“ಹೆಸರು ಬಂತು ಅಂದ್ರಲ್ಲ ಮಾಮಾ?”

“ಹೆಸರು ಬಂದೋನು ಸೋತಂಗೆ. ನಿಯಮ ಹಂಗೈತಿ.”

ಅಂಗಡಿಯವನು ಓಣಿಯ ಇಪ್ಪತ್ತು ಮಂದಿಯದ್ದು ಒಂದು ಚೀಟಿ ನಡೆಸುತ್ತಾನೆ. ಪ್ರತಿ ತಿಂಗಳು ಡಬ್ಬಿ ಅಲ್ಲಾಡಿಸಿ ಒಂದು ಹೆಸರು ಎತ್ತುವುದು ಅವನೇ. ಅವನಿಗೆ ನಿಜಕ್ಕೂ ಗಾಬರಿಯಾಯಿತು. “ನಮ್ಮ ಚೀಟಿಯಾಗೆ ಹಂಗ್ ಮಾಡಿದ್ರೆ ಓಣಿ ಹೆಣ್ಣುಮಕ್ಕಳು ನನ್ನ ಬಾಂಡ್ಲಿಯೊಳಗೆ ಇಳಿಸ್ತಾರೆ.”

“ಅದಿರ್ಲಿ. ಚೀಟಿ ಎತ್ತೋ ಹಿಂದಿನ ದಿನ ನೀನು ಅವರನ್ನೆಲ್ಲ ಹೋಟೆಲ್ನಾಗೆ ಇಡ್ತೀಯಾ?”

“ಯಾಕ್ ಇಡ್ಲಿ ಮಾಮಾ? ಟೈಮಿಗೆ ಸರಿಯಾಗಿ ಅವರೇ ಬಂದು ಕುಂದರ್ತಾರೆ. ದುಡ್ಡು ಅವರದ್ದಲ್ವಾ?”